ಎತ್ತು ಹೊಡೆಯುವವನ ಮೂಗು: ಅಂದಕ್ಕೋ, ಅಗತ್ಯಕ್ಕೋ?

1686ನೇ ಇಸವಿ. ಔರಂಗಜೇಬನ ದಂಡು ವಿಜಯಪುರಕ್ಕೆ ಮುತ್ತಿಗೆ ಹಾಕಿ ಕೂತಿತ್ತು. ಅಷ್ಟು ದೊಡ್ಡ ದಂಡಿನ ಕುದುರೆ, ಒಂಟೆ, ಎತ್ತುಗಳಿಗೆ ದಿನಾ ಮೇವು ಬೇಕು, ಜನಕ್ಕೆ ಅಡುಗೆ ಮಾಡಲು ಸೌದೆ ಬೇಕು. ಅದನ್ನು ತರುವವರು ಕತ್ತಿ ಹಿಡಿದ ಸಿಪಾಯಿಗಳಲ್ಲ. ಹೊಟ್ಟೆಪಾಡಿಗೆ ದಂಡಿನ ಹಿಂದೆ ಬಂದ ಬಡವರು. ಹುಲ್ಲು ಕೊಯ್ಯಲು ಹೊರಗೆ ಹೋದಾಗ ವಿಜಯಪುರದ ಕಡೆಯವರ ಕೈಗೆ ಸಿಕ್ಕಿಬಿದ್ದರೆ ಅವರ ಪ್ರಾಣ ತೆಗೆಯುತ್ತಿರಲಿಲ್ಲ. ಮೂಗು ಕೊಯ್ದು ಬಿಟ್ಟುಬಿಡುತ್ತಿದ್ದರು.

ಇದನ್ನು ಬರೆದಿಟ್ಟವನು ನಿಕೊಲಾವ್ ಮನುಚ್ಚಿ ಎಂಬ ವೆನಿಸ್ ಮೂಲದ ಅಲೆಮಾರಿ. ಅವನು ಮುಂದೆ ಹೇಳುವ ಸಂಗತಿ ಇನ್ನೂ ದೊಡ್ಡದು. ಹಾಗೆ ಮೂಗು ಹೋದವರಿಗೆ ಈ ನಾಡಿನ ವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮ ಕೊಯ್ದು, ಅದನ್ನು ಒಂದು ಸುತ್ತು ತಿರುಗಿಸಿ ಕೆಳಗೆ ಇಳಿಬಿಟ್ಟು, ಹಸಿ ಗಾಯಕ್ಕೆ ಹಸಿ ಮಾಂಸ ಕೂಡುವ ಹಾಗೆ ಅಂಟಿಸಿ ಹೊಸ ಮೂಗು ಮಾಡುತ್ತಿದ್ದರಂತೆ. ಉಸಿರಾಡಲು ದಾರಿ ಇರಲೆಂದು ಒಳಗೆ ಏನನ್ನಾದರೂ ಇಡುತ್ತಿದ್ದರಂತೆ. ಅಂಥ ಮೂಗಿನ ಬಹಳ ಜನರನ್ನು ತಾನೇ ನೋಡಿದ್ದೇನೆ, ಮೂಗೇ ಇಲ್ಲದಿರುವುದಕ್ಕೆ ಹೋಲಿಸಿದರೆ ಅವರು ಎಷ್ಟೋ ವಾಸಿ ಕಾಣುತ್ತಿದ್ದರು, ಹುಬ್ಬುಗಳ ನಡುವೆ ಮಾತ್ರ ಕಲೆ ಉಳಿದಿತ್ತು ಎನ್ನುತ್ತಾನೆ.

ಅಂದರೆ ಮುನ್ನೂರು ವರ್ಷಗಳಿಗೂ ಹಿಂದೆ ನಮ್ಮ ವಿಜಯಪುರದ ಸುತ್ತಮುತ್ತ ಪ್ಲಾಸ್ಟಿಕ್ ಸರ್ಜರಿ ನಡೆಯುತ್ತಿತ್ತು. ಮಾಡಿಸಿಕೊಂಡವರು ರಾಜರಲ್ಲ, ಹುಲ್ಲು ಹೊರುವವರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಪ್ಲಾಸ್ಟಿಕ್ ಸರ್ಜರಿ ಎಂದರೆ ಮುಖದೊಳಗೆ ಪ್ಲಾಸ್ಟಿಕ್ ಇಟ್ಟು ಹೊಲಿಯುವುದಲ್ಲ. ನಮ್ಮ ಊರುಗಳಲ್ಲಿ ಇವತ್ತಿಗೂ ಹಾಗೆ ನಂಬಿದವರಿದ್ದಾರೆ. ಅದು ಗ್ರೀಕ್ ಭಾಷೆಯ ಪದದಿಂದ ಬಂದದ್ದು, ಅರ್ಥ 'ಮಣ್ಣು ತಿದ್ದಿದಂತೆ ತಿದ್ದಿ ರೂಪ ಕೊಡುವುದು'. ಕುಂಬಾರನ ಕೆಲಸ ಅನ್ನಿ. ಈ ಮಾತು ಎಷ್ಟು ನಿಜ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಮೂಗು ಕೊಯ್ಯುವುದು ವಿಜಯಪುರದವರು ಕಂಡುಹಿಡಿದದ್ದೇನಲ್ಲ. ಬಯಲಾಟದಲ್ಲಿ ಶೂರ್ಪನಖಿಯ ಪ್ರಸಂಗ ನೋಡದ ಊರು ಯಾವುದಿದೆ? 1650ರ ದಶಕದ ಕೊನೆಯಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿನ ದಂಡು ಮಧುರೆಯ ತಿರುಮಲ ನಾಯಕನ ಸೀಮೆಗೆ ನುಗ್ಗಿದಾಗ ಸಿಕ್ಕವರ ಮೂಗನ್ನು ಮೇಲ್ತುಟಿಯ ಸಮೇತ ಕೊಯ್ದು, ಮೂಟೆ ಕಟ್ಟಿ ಶ್ರೀರಂಗಪಟ್ಟಣಕ್ಕೆ ಕಳಿಸಿತು ಎಂದು ಜೆಸ್ಯೂಟ್ ಪಾದ್ರಿಗಳ ಪತ್ರಗಳಲ್ಲಿದೆ. ಆಮೇಲೆ ಮಧುರೆಯವರೂ ಸೇಡು ತೀರಿಸಿಕೊಂಡರು. ತಮಿಳಿನಲ್ಲಿ ಆ ಯುದ್ಧಕ್ಕೆ ಮೂಗು ಕೊಯ್ದ ಯುದ್ಧ ಎಂದೇ ಹೆಸರು. ನಮ್ಮ ಶಾಲೆಯ ಪುಸ್ತಕಗಳಲ್ಲಿ ರಣಧೀರ ಕಂಠೀರವನ ಮಲ್ಲಯುದ್ಧದ ಕತೆ ಬರುತ್ತದೆ, ಇದು ಬರುವುದಿಲ್ಲ. ಬರಬೇಕಿತ್ತು ಅನ್ನುವುದು ನಮ್ಮ ಅಭಿಪ್ರಾಯ.

ಕೈ ಕಡಿದರೆ ಆಳು ಕೆಲಸಕ್ಕೆ ಬಾರದವನಾಗುತ್ತಾನೆ. ತಲೆ ಕಡಿದರೆ ಸಾಯುತ್ತಾನೆ. ಮೂಗು ಮಾತ್ರ ಯಾಕೆ? ಮೂಗು ಹೋದವನು ಉಣ್ಣಬಲ್ಲ, ನಡೆಯಬಲ್ಲ, ಮೂಟೆ ಹೊರಬಲ್ಲ. ಆದರೆ ಊರಿಗೆ ಹೋಗಲಾರ. ಮದುವೆಗೆ, ಜಾತ್ರೆಗೆ, ಸಂತೆಗೆ ಮುಖ ತೋರಿಸಲಾರ. ಕೊಯ್ಯುವವನಿಗೆ ಬೇಕಾಗಿದ್ದದ್ದೂ ಅದೇ. ಸೋತವನು ಬದುಕಿರಬೇಕು, ನಾಲ್ಕು ಜನರ ನಡುವೆ ಇರಬಾರದು. 'ಮೂಗು ಕೊಯ್ದುಕೊಂಡ ಹಾಗಾಯಿತು' ಎಂದು ಅವಮಾನಕ್ಕೆ ನಾವು ಇವತ್ತೂ ಬಳಸುವ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಈಗ ಸುಮಾರು ನೂರು ವರ್ಷ ಮುಂದಕ್ಕೆ ಬರೋಣ.

1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಅಲ್ಲಿಂದ ಶ್ರೀರಂಗಪಟ್ಟಣದ ಕಡೆ ಹೊರಟ. ಮೇ ತಿಂಗಳಲ್ಲಿ ಅರಕೆರೆಯ ಹತ್ತಿರ ಗೆದ್ದರೂ ಮುಂದೆ ಹೋಗಲಾಗಲಿಲ್ಲ. ಮಳೆ ಹಿಡಿದಿತ್ತು, ಮೇವಿರಲಿಲ್ಲ, ಎತ್ತುಗಳು ಸಾಲಾಗಿ ಸತ್ತವು. ಎಳೆಯಲು ಎತ್ತಿಲ್ಲದೆ ತನ್ನ ದೊಡ್ಡ ತೋಪುಗಳನ್ನು ತಾನೇ ಹಾಳು ಮಾಡಿ ಬೆಂಗಳೂರಿಗೆ ವಾಪಸಾಗಬೇಕಾಯಿತು. ಆ ಯುದ್ಧದಲ್ಲಿ ಗುಂಡಿನಷ್ಟೇ ಎತ್ತು ಮುಖ್ಯವಾಗಿತ್ತು, ಎತ್ತಿನಷ್ಟೇ ಎತ್ತು ಹೊಡೆಯುವವನು ಮುಖ್ಯವಾಗಿದ್ದ.

ಅಂಥವನೊಬ್ಬ ಕಾವಸ್‌ಜಿ. ಒಕ್ಕಲುತನದ ಮರಾಠ, ಇಂಗ್ಲಿಷರ ದಂಡಿನಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕಡಿಯಲಾಯಿತು. ಅದೇ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರ ಬೀಡುಬಿಟ್ಟಿದ್ದ ಮುಂಬಯಿ ದಂಡನ್ನು ಸೇರಿಕೊಂಡ. ಕಂಪನಿ ಅವನಿಗೆ ಪಿಂಚಣಿ ಕೊಟ್ಟಿತು. ಇದನ್ನು ಬರೆದವರು ಗೆದ್ದ ಕಡೆಯವರು, ಟಿಪ್ಪುವನ್ನು ರಾಕ್ಷಸ ಎಂದು ತೋರಿಸುವುದು ಅವರಿಗೆ ಬೇಕಾಗಿತ್ತು ಅನ್ನುವುದನ್ನು ನೆನಪಿಟ್ಟುಕೊಂಡೇ ಓದಬೇಕು. ಆದರೆ ಕಾವಸ್‌ಜಿಯ ಮೂಗು ಹೋದದ್ದು ಸುಳ್ಳಲ್ಲ. ಅವನ ಚಿತ್ರವನ್ನು ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಬಿಡಿಸಿದ್ದಾನೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಕಾವಸ್‌ಜಿ ಮೂಗಿಲ್ಲದೆ ಬದುಕಿದ. ಆಮೇಲೆ ಪುಣೆಯ ಹತ್ತಿರ ಒಬ್ಬನ ಬಳಿ ಹೋದ. ಅವನು ಹಕೀಮನಲ್ಲ, ಪಂಡಿತನಲ್ಲ. ಇಟ್ಟಿಗೆ ಮಾಡುವ ಜಾತಿಯವನು. ನಮ್ಮ ಮಾತಿನಲ್ಲಿ ಕುಂಬಾರ.

ಅವನು ಮಾಡಿದ್ದನ್ನು ಕಂಪನಿಯ ಇಬ್ಬರು ವೈದ್ಯರು ಪಕ್ಕದಲ್ಲಿ ನಿಂತು ನೋಡಿದರು. ಮೊದಲು ತೆಳ್ಳನೆಯ ಮೇಣದ ಹಾಳೆಯನ್ನು ಉಳಿದ ಮೂಗಿನ ಮೋಟಿನ ಮೇಲೆ ಇಟ್ಟು, ಬೆರಳಲ್ಲಿ ಒತ್ತಿ ಒಳ್ಳೆಯ ಮೂಗಿನ ಆಕಾರ ತಂದ. ಆ ಮೇಣವನ್ನು ತೆಗೆದು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಸೀರೆಯಿಂದ ರವಿಕೆಯ ಬಟ್ಟೆ ಕತ್ತರಿಸುವ ಮೊದಲು ದರ್ಜಿ ಅಳತೆ ಗುರುತು ಮಾಡುವುದಿಲ್ಲವೇ, ಹಾಗೆ. ಗೆರೆಯ ಗುಂಟ ಹಣೆಯ ಚರ್ಮ ಬಿಡಿಸಿದ, ಪೂರ್ತಿ ಬಿಡಿಸಲಿಲ್ಲ. ಎರಡು ಕಣ್ಣಿನ ನಡುವೆ ಒಂದು ಸಣ್ಣ ಪಟ್ಟಿ ಅಂಟಿಕೊಂಡೇ ಇರಲಿ ಎಂದು ಬಿಟ್ಟ. ಮೋಟು ಮೂಗಿನ ಅಂಚನ್ನು ಕೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ತಿರುಗಿಸಿ ಕೆಳಗೆ ಇಳಿಸಿ, ಅಂಚಿನಲ್ಲಿ ಗೀರಿದ ಸಂದಿಯೊಳಗೆ ಕೂರಿಸಿದ. ಮೇಲೆ ಕಾಚು. ಹೌದು, ಎಲೆ ಅಡಿಕೆಗೆ ಹಾಕುವ ಅದೇ ಕಾಚು. ನೀರಲ್ಲಿ ನೆನೆಸಿ ಬಟ್ಟೆಗೆ ಸವರಿ, ಐದಾರು ಪದರ ಹಾಕಿದ. ನಾಲ್ಕು ದಿನ ಬೇರೇನೂ ಮುಟ್ಟಲಿಲ್ಲ. ಆಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೇ ದಿನ ಹೊಳ್ಳೆಗಳು ಮುಚ್ಚಿಕೊಳ್ಳದಂತೆ ಮೆತ್ತನೆ ಬಟ್ಟೆ ತುರುಕಬೇಕು. ಸುಮಾರು ಇಪ್ಪತ್ತೈದನೇ ದಿನ ಕಣ್ಣ ನಡುವಿನ ಪಟ್ಟಿ ಕತ್ತರಿಸಿ ಮೂಗನ್ನು ಚೊಕ್ಕಗೊಳಿಸಬೇಕು.

ಪ್ರಜ್ಞೆ ತಪ್ಪಿಸುವ ಔಷಧಿ ಆಗ ಇರಲಿಲ್ಲ ಅನ್ನುವುದನ್ನು ಮರೆಯಬೇಡಿ. ಈಥರ್ ಬಂದದ್ದು 1846ರಲ್ಲಿ. ಈ ಅಷ್ಟೂ ಕೆಲಸವನ್ನು ಕಾವಸ್‌ಜಿ ಎಚ್ಚರವಾಗಿಯೇ ಸಹಿಸಿದ.

ಇದು ಫಲಿಸಿದ್ದರ ಗುಟ್ಟು ಆ ಸಣ್ಣ ಪಟ್ಟಿಯಲ್ಲಿದೆ. ಹುಬ್ಬಿನ ಒಳತುದಿಯಿಂದ ಹಣೆಗೆ ಹತ್ತುವ ಒಂದು ರಕ್ತನಾಳ ಆ ಪಟ್ಟಿಯೊಳಗೆ ಹಾದುಹೋಗುತ್ತದೆ. ಹೊಸ ಜಾಗದಲ್ಲಿ ಚರ್ಮ ಬೇರು ಬಿಡುವ ತನಕ ಹಳೇ ಜಾಗದಿಂದಲೇ ರಕ್ತ ಬರುತ್ತಿರುತ್ತದೆ. ತೋಟದಲ್ಲಿ ಮಾವಿನ ಕಸಿ ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಯಿಗಿಡದಿಂದ ಕೊಂಬೆಯನ್ನು ಕಡಿಯದೆಯೇ ಸಸಿಗೆ ಕಟ್ಟಿ, ಕೂಡಿಕೊಂಡ ಮೇಲೆ ಕತ್ತರಿಸುತ್ತೀರಲ್ಲ, ಅದೇ ಲೆಕ್ಕ.

ಇದಕ್ಕೆಲ್ಲ ಸುಶ್ರುತನೇ ಮೂಲ ಎಂದು ವಾಟ್ಸಾಪಿನಲ್ಲಿ ಬರುವ ಸಂದೇಶ ನೀವೂ ಓದಿರುತ್ತೀರಿ. ಅರ್ಧ ಸರಿ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿಧಾನ ಖಂಡಿತ ಇದೆ. ಬಳ್ಳಿಯ ಎಲೆಯಿಂದ ಅಳತೆ ತೆಗೆದುಕೊಳ್ಳುವುದು, ಹೊಳ್ಳೆಗೆ ಎರಡು ನಾಳ ಇಡುವುದು, ಎಲ್ಲವೂ ಇದೆ. ಆದರೆ ಅಲ್ಲಿ ಚರ್ಮ ತೆಗೆಯುವುದು ಕೆನ್ನೆಯಿಂದ. ಹಣೆಯ ಚರ್ಮದ ಉಪಾಯ ಆ ಗ್ರಂಥದಲ್ಲಿಲ್ಲ. ಕೆನ್ನೆಯಿಂದ ಹಣೆಗೆ ಬಂದದ್ದು, ವಿಜಯಪುರದ ವೈದ್ಯರೋ ಪುಣೆಯ ಕುಂಬಾರರೋ ಅಂಥ ಜನ ಕೈಯಲ್ಲಿ ಮಾಡಿ ಮಾಡಿ ಕಂಡುಕೊಂಡ ಬುದ್ಧಿ. ಗ್ರಂಥಕ್ಕೆ ಕೊಡುವ ಗೌರವದಲ್ಲಿ ಅವರಿಗೂ ಒಂದು ಪಾಲು ಸಲ್ಲಬೇಕು.

1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆ ಈ ಸುದ್ದಿಯನ್ನು ಚಿತ್ರ ಸಮೇತ ಅಚ್ಚು ಹಾಕಿತು. ಅದರಲ್ಲಿ ಕಾವಸ್‌ಜಿಯ ಹೆಸರಿದೆ, ಪಕ್ಕದಲ್ಲಿ ನಿಂತು ನೋಡಿದ ಇಬ್ಬರು ವೈದ್ಯರ ಹೆಸರಿದೆ. ಮೂಗು ಮಾಡಿದ ಕುಂಬಾರನ ಹೆಸರಿಲ್ಲ. ಅದನ್ನು ಓದಿಕೊಂಡ ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಸರ್ಜನ್ ಹೆಣಗಳ ಮೇಲೆ ವರ್ಷಗಟ್ಟಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಒಬ್ಬ ಸೇನಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಮಾಡಿದ. 1816ರಲ್ಲಿ ಅದರ ಬಗ್ಗೆ ಪುಸ್ತಕ ಬರೆದ. 1818ರಲ್ಲಿ ಬರ್ಲಿನ್ನಿನ ಗ್ರೇಫ ಇನ್ನೊಂದು ಪುಸ್ತಕ ಬರೆದ. ಯುರೋಪಿನಲ್ಲಿ ಈ ವಿದ್ಯೆ ಮತ್ತೆ ಚಿಗುರಿದ್ದು ಹೀಗೆ. ಇವತ್ತಿಗೂ ಚರ್ಮದ ಕ್ಯಾನ್ಸರಿನಿಂದ ಮೂಗು ಹೋದವರಿಗೆ ಹಣೆಯ ಚರ್ಮದಿಂದಲೇ ಮೂಗು ಮಾಡುತ್ತಾರೆ. ವೈದ್ಯರು ಅದನ್ನು ಈಗಲೂ ಭಾರತೀಯ ವಿಧಾನ ಎನ್ನುವುದುಂಟು.

ಇಷ್ಟು ಹಿಂದಿನ ಕತೆ ಯಾಕೆ ಹೇಳಿದೆವು ಅಂದರೆ, ಇದರೊಳಗೆ ಒಂದು ಪ್ರಶ್ನೆ ಇದೆ. ಕಾವಸ್‌ಜಿಗೆ ಮಾಡಿದ್ದು ಅಂದದ ಆಪರೇಷನ್ನೋ, ಅಗತ್ಯದ ಆಪರೇಷನ್ನೋ?

ಮೂಗಿಲ್ಲದೆ ಅವನು ಒಂದು ವರ್ಷ ಬದುಕಿದ್ದ. ಪಿಂಚಣಿ ಬರುತ್ತಿತ್ತು. ಮೂಗಿಗೆ ಗಾಳಿ ಸೋಸುವ, ಬಿಸಿ ಮಾಡುವ, ತೇವ ಕೊಡುವ ಕೆಲಸ ಇದೆ ನಿಜ. ಆದರೆ ಅವನು ಎಚ್ಚರವಾಗಿರುವಾಗಲೇ ಹಣೆ ಕೊಯ್ಯಿಸಿಕೊಂಡದ್ದು ಗಾಳಿ ಸೋಸುವುದಕ್ಕಲ್ಲ, ಮುಖಕ್ಕೆ. ಇವತ್ತಿನ ಇನ್ಶೂರೆನ್ಸ್ ಕಂಪನಿಯ ಗುಮಾಸ್ತನೊಬ್ಬ ಅಂದು ಪುಣೆಯಲ್ಲಿದ್ದಿದ್ದರೆ ಅರ್ಜಿಯ ಮೇಲೆ 'ಕಾಸ್ಮೆಟಿಕ್' ಎಂದು ಬರೆದು ವಾಪಸ್ ಕಳಿಸುತ್ತಿದ್ದನೋ ಏನೋ.

ಇದೇ ಪ್ರಶ್ನೆ ಇನ್ನೊಮ್ಮೆ ಎದ್ದದ್ದು ನಮ್ಮ ಕೋಲಾರದ ಗಡಿಯಾಚೆ, ವೆಲ್ಲೂರಿನಲ್ಲಿ. 1946ರಲ್ಲಿ ಪಾಲ್ ಬ್ರಾಂಡ್ ಎಂಬ ಸರ್ಜನ್ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠದಿಂದ ಮುದುಡಿದ ಬೆರಳುಗಳನ್ನು, ಚೆನ್ನಾಗಿರುವ ಸ್ನಾಯುವಿನ ನರಹುರಿಯನ್ನು ಬೇರೆಡೆ ಜೋಡಿಸಿ, ಮತ್ತೆ ಬಿಡಿಸಿದರು. ಕೈ ಬಂತು, ರೋಗವೂ ಔಷಧಿಯಿಂದ ವಾಸಿಯಾಯಿತು. ಆದರೆ ಕೆಲಸ ಕೊಡುವವರಿಲ್ಲ. ಯಾಕೆಂದರೆ ಕುಷ್ಠ ಬಂದವರಿಗೆ ಹುಬ್ಬಿನ ಕೂದಲು ಉದುರಿರುತ್ತದೆ, ಮೂಗಿನ ಮೃದ್ವಸ್ಥಿ ಕರಗಿ ಮೂಗು ಕುಸಿದಿರುತ್ತದೆ. ಮುಖ ನೋಡಿದ ಕೂಡಲೇ ಜನ ದೂರ ಸರಿಯುತ್ತಾರೆ. ಆಗ ಬ್ರಾಂಡ್ ಮತ್ತು ಅವರ ಜೊತೆಯವರು ನೆತ್ತಿಯ ಕೂದಲಿರುವ ಚರ್ಮವನ್ನು ರಕ್ತನಾಳ ಸಮೇತ ಒಳಗಿಂದೊಳಗೆ ಹಾಯಿಸಿ ಹುಬ್ಬು ಮಾಡಿದರು, ಕುಸಿದ ಮೂಗನ್ನು ಎತ್ತಿ ನಿಲ್ಲಿಸಿದರು. ಹುಬ್ಬಿಗಿಂತ 'ಬರೀ ಅಂದ'ದ ವಸ್ತು ಇನ್ನೇನಿದೆ? ಆದರೆ ಆ ಹುಬ್ಬು ಬಂದ ಮೇಲೆ ಮನುಷ್ಯನಿಗೆ ಕೂಲಿ ಸಿಕ್ಕಿತು.

ನಮಗೆ ಅನ್ನಿಸುವುದು ಇಷ್ಟು: ಮುಖಕ್ಕೂ ಒಂದು ಕೆಲಸವಿದೆ. ನಾಲ್ಕು ಜನರ ನಡುವೆ ನಿಲ್ಲುವುದೇ ಅದರ ಕೆಲಸ. ಆ ಕೆಲಸ ಕೆಟ್ಟಾಗ ರಿಪೇರಿ ಮಾಡುವುದನ್ನು ಶೋಕಿ ಅನ್ನಲಾಗದು.

ಸರ್ಕಾರದ ಕಾಗದಗಳು ಈ ಗೆರೆಯನ್ನು ಎಲ್ಲಿ ಎಳೆದವು ಅನ್ನುವುದೂ ಒಂದು ಸ್ವಾರಸ್ಯದ ಚರಿತ್ರೆ. 2009ರಲ್ಲಿ ಕೇಂದ್ರ ಸರ್ಕಾರ ಕಾಸ್ಮೆಟಿಕ್ ಸರ್ಜರಿಯ ಮೇಲೆ ಸೇವಾ ತೆರಿಗೆ ಹಾಕಿತು. ತೆರಿಗೆ ಹಾಕಬೇಕಾದರೆ ಯಾವುದು ಕಾಸ್ಮೆಟಿಕ್, ಯಾವುದು ಅಲ್ಲ ಎಂದು ಹೇಳಲೇಬೇಕಲ್ಲ. 2017ರಲ್ಲಿ ಬಂದ ಜಿಎಸ್‌ಟಿಯಲ್ಲೂ ಅದೇ ಗೆರೆ ಉಳಿಯಿತು. ವೈದ್ಯಕೀಯ ಸೇವೆಗೆ ತೆರಿಗೆ ಇಲ್ಲ, ಕೂದಲು ಕಸಿಗೆ ಮತ್ತು ಅಂದದ ಸರ್ಜರಿಗೆ ಇದೆ. ಆದರೆ ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ದೋಷ, ಪೆಟ್ಟು, ಗಾಯಗಳಿಂದ ಕೆಟ್ಟ ದೇಹದ ರಚನೆಯನ್ನು ಅಥವಾ ದೇಹದ ಕೆಲಸವನ್ನು ಸರಿಪಡಿಸುವ ಸರ್ಜರಿಗೆ ತೆರಿಗೆ ಇಲ್ಲ. 'ಅಥವಾ' ಎಂಬ ಆ ಪದ ಗಮನಿಸಿ. ಕೆಲಸ ಕೆಟ್ಟಿರಲೇಬೇಕೆಂದಿಲ್ಲ, ರಚನೆ ಕೆಟ್ಟಿದ್ದರೂ ಸಾಕು. ತೆರಿಗೆ ಇಲಾಖೆಯ ಲೆಕ್ಕದಲ್ಲಿ ಕಾವಸ್‌ಜಿ ಪಾಸು.

ಇನ್ಶೂರೆನ್ಸ್ ಲೆಕ್ಕ ಸ್ವಲ್ಪ ಬಿಗಿ. ಐಆರ್‌ಡಿಎಐ ಎಲ್ಲ ಆರೋಗ್ಯ ವಿಮೆಗಳಿಗೂ ಒಂದೇ ಥರದ ಪದಗಳನ್ನು ಗೊತ್ತುಮಾಡಿದೆ. ರೂಪ ಬದಲಿಸುವ ಯಾವ ಚಿಕಿತ್ಸೆಗೂ ಹಣ ಕೊಡಬೇಕಾಗಿಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಮರುಜೋಡಣೆ ಆಗಿದ್ದರೆ ಕೊಡಬೇಕು. ಇಲ್ಲವೇ ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತೆಗೆಯುವ ಚಿಕಿತ್ಸೆಯ ಭಾಗವಾಗಿದ್ದರೆ ಕೊಡಬೇಕು, ಅದನ್ನು ನೋಡಿದ ವೈದ್ಯರೇ ಬರೆದುಕೊಡಬೇಕು. ಹುಟ್ಟಿನಿಂದ ಬಂದ ಹೊರಗೆ ಕಾಣುವ ಊನಗಳನ್ನು ಹಲವು ಖಾಸಗಿ ಪಾಲಿಸಿಗಳು ಬೇರೆ ಷರತ್ತು ಹಾಕಿ ಹೊರಗಿಡುತ್ತವೆ. ಇದು ನಮಗೆ ನ್ಯಾಯ ಅನ್ನಿಸುವುದಿಲ್ಲ. ಸೀಳುತುಟಿಯ ಕೂಸು ಪ್ರೀಮಿಯಂ ಕಟ್ಟುವ ಮೊದಲು ಹೊಟ್ಟೆಯಲ್ಲಿ ಕೂತು ಸಂಚು ಮಾಡಿತ್ತೇ?

ಬೆಂಗಳೂರಿನಲ್ಲಿ ಈ ಮಾತು ಜೋರಾಗಿ ಎದ್ದದ್ದು ಆಸಿಡ್ ದಾಳಿಗಳಿಂದ. 1999ರಲ್ಲಿ ನಗರದ ಯುವತಿಯೊಬ್ಬರ ಮೇಲೆ, ಆಕೆ ಕೆಲಸ ಬಿಟ್ಟದ್ದಕ್ಕೆ, ಹಿಂದಿನ ಮಾಲೀಕ ಆಸಿಡ್ ಸುರಿದ. ಆಕೆಗೆ ಕಣ್ಣು ಹೋಯಿತು, ಮೂವತ್ತಕ್ಕೂ ಹೆಚ್ಚು ಆಪರೇಷನ್‌ಗಳಾದವು. 2006ರಲ್ಲಿ ಕರ್ನಾಟಕ ಹೈಕೋರ್ಟ್ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ರಾಜ್ಯದ ಮಹಿಳೆಯರು ಸೇರಿ ಆಸಿಡ್ ದಾಳಿಯ ವಿರುದ್ಧ ಹೋರಾಟ ಕಟ್ಟಿದರು. 2013ರಲ್ಲಿ ಈ ಅಪರಾಧಕ್ಕೆ ಕಾನೂನಿನಲ್ಲಿ ಪ್ರತ್ಯೇಕ ಕಲಂ ಬಂತು, ಕಡಿಮೆಯೆಂದರೆ 10 ವರ್ಷ ಶಿಕ್ಷೆ. ಅದೇ ವರ್ಷ ಸುಪ್ರೀಂ ಕೋರ್ಟ್ ಕನಿಷ್ಠ 3 ಲಕ್ಷ ರೂಪಾಯಿ ಪರಿಹಾರ ಎಂದಿತು. 2015ರ ಏಪ್ರಿಲ್ 10ರ ಆದೇಶ ಇನ್ನೂ ಮುಖ್ಯ: ಯಾವ ಖಾಸಗಿ ಆಸ್ಪತ್ರೆಯೂ ಆಸಿಡ್ ಸಂತ್ರಸ್ತರನ್ನು ವಾಪಸ್ ಕಳಿಸುವಂತಿಲ್ಲ, ಔಷಧಿ, ಹಾಸಿಗೆ, ಊಟ, ಮುಖ ಮರುಜೋಡಣೆಯ ಸರ್ಜರಿ ಎಲ್ಲ ಉಚಿತ. ಮೊದಲು ನೋಡಿದ ಆಸ್ಪತ್ರೆ ಒಂದು ಪ್ರಮಾಣಪತ್ರ ಕೊಡಬೇಕು, ಮುಂದಿನ ಚಿಕಿತ್ಸೆಗೆ ಅದೇ ಆಧಾರ. ಆ ಕಾಗದವನ್ನು ಕೇಳಿ ಪಡೆಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಸಿಡ್ ಸಂತ್ರಸ್ತರೂ ಸೇರಿದ್ದಾರೆ. ಹಾಳಾದ ಮುಖ ಅಂಗವೈಕಲ್ಯವೇ ಎಂದು ಕಾನೂನು ಬರಹದಲ್ಲಿ ಒಪ್ಪಿದ್ದು ಅಲ್ಲಿ.

ಇನ್ನು ದಕ್ಷಿಣ ಬೆಂಗಳೂರಿಗೆ ಬರೋಣ. ಕಾರ್ನ್‌ವಾಲಿಸನ ದಂಡು ಬಂದಾಗ ಇವತ್ತಿನ ಜಯನಗರ ಇರಲಿಲ್ಲ. ಯಡಿಯೂರು, ಬೈರಸಂದ್ರ, ಸಿದ್ದಾಪುರದಂಥ ಹಳ್ಳಿಗಳು, ಕೆರೆಗಳು, ರಾಗಿ ಹೊಲಗಳು. 1948ರ ಆಗಸ್ಟ್‌ನಲ್ಲಿ ರಾಜಗೋಪಾಲಾಚಾರಿ ಬಂದು ಅಡಿಗಲ್ಲು ಹಾಕಿದ ಮೇಲೆ ಬಡಾವಣೆ ಎದ್ದಿತು. ಈಗ ಜಯನಗರ ನಾಲ್ಕನೇ ಬ್ಲಾಕಿನಿಂದ ಜೆ.ಪಿ. ನಗರದ ಕಡೆ, ಅಲ್ಲಿಂದ ಬನಶಂಕರಿ, ಬಿಟಿಎಂ ಲೇಔಟಿನ ಕಡೆ ನಡೆದರೆ ಕೂದಲು ಕಸಿ, ಮೂಗು ತಿದ್ದುವುದು, ಕೊಬ್ಬು ತೆಗೆಯುವುದು, ಚರ್ಮ ಬೆಳ್ಳಗೆ ಮಾಡುವುದು ಎಂಬ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಕಂತಿನಲ್ಲಿ ಹಣ ಕಟ್ಟಿ ಎನ್ನುವುದೂ ಇದೆ. ಸ್ವಂತ ದುಡ್ಡಿನಲ್ಲಿ, ತಿಳಿದು, ಮಾಡಿಸಿಕೊಳ್ಳುವವರ ಬಗ್ಗೆ ನಮಗೆ ತಕರಾರಿಲ್ಲ. ಆದರೆ ನಮ್ಮ ಕಡೆಯ ಹುಡುಗರು ಕೂದಲಿಗೆಂದು, ಹುಡುಗಿಯರು ಬಣ್ಣಕ್ಕೆಂದು ಸಾಲ ಮಾಡುವುದನ್ನು ಕಂಡರೆ ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನೆನಪಾಗುತ್ತದೆ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಬೆಂಗಳೂರಿನ ಖಾಸಗಿ ಕೇಂದ್ರವೊಂದರಲ್ಲಿ ಕೊಬ್ಬು ತೆಗೆಸಲು ಹೋಗಿ ತೀರಿಕೊಂಡಳು. ಅಂದದ ಆಪರೇಷನ್ನೂ ಆಪರೇಷನ್ನೇ. ಅರಿವಳಿಕೆ, ರಕ್ತಸ್ರಾವ, ನಂಜು ಎಲ್ಲ ಅಲ್ಲೂ ಇವೆ. ಕನಿಷ್ಠಪಕ್ಷ ಮಾಡುವವರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಇದೆಯೇ, ಆ ಜಾಗದಲ್ಲಿ ಅರಿವಳಿಕೆ ತಜ್ಞರೂ ತುರ್ತು ಸೌಲಭ್ಯವೂ ಇದೆಯೇ ಎಂದು ಕೇಳದೆ ಮಲಗಬಾರದು.

ಆ ಬೋರ್ಡುಗಳ ಬೀದಿಯಿಂದ ಸ್ವಲ್ಪ ದೂರದಲ್ಲೇ, ಹೊಸೂರು ರಸ್ತೆಯ ಬದಿಯಲ್ಲಿ, ಕಿದ್ವಾಯಿ ಇದೆ. 1973ರಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆ. ನಮ್ಮ ಹಳ್ಳಿಗಳಿಂದ ಬಸ್ಸು ಹತ್ತಿ ಬರುವವರು ನೋಡುವ ದಕ್ಷಿಣ ಬೆಂಗಳೂರು ಇದು. ಹೊಗೆಸೊಪ್ಪು, ಗುಟ್ಕಾ, ಅಡಿಕೆ ಒತ್ತಿಕೊಂಡ ಕೆನ್ನೆಯಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಆಗಿ, ದವಡೆಯ ಅರ್ಧ ತೆಗೆಯಬೇಕಾದವರು. ತೆಗೆದು ಹಾಗೇ ಬಿಟ್ಟರೆ ಕೆನ್ನೆಯಲ್ಲಿ ತೂತು. ಕುಡಿದ ಗಂಜಿ ಸೋರುತ್ತದೆ, ಎಂಜಲು ಸುರಿಯುತ್ತದೆ, ಮಾತು ತಿಳಿಯುವುದಿಲ್ಲ. ಅದಕ್ಕೇ ಇಂಥ ಕಾಯಿಲೆಗೆ ಎದೆಯ ಚರ್ಮ, ಮಾಂಸವನ್ನು ಅದರ ರಕ್ತನಾಳಕ್ಕೆ ಅಂಟಿಕೊಂಡ ಹಾಗೇ ಎತ್ತಿ, ಕತ್ತಿನ ಚರ್ಮದ ಅಡಿಯಿಂದ ಹಾಯಿಸಿ, ಬಾಯಿಗೆ ತಂದು ಹೊಲಿಯುವ ವಿಧಾನವಿದೆ. ಬೇಕಾದರೆ ಕಾಲಿನ ಎಲುಬಿನಿಂದ ದವಡೆ ಮಾಡುತ್ತಾರೆ, ಸೂಕ್ಷ್ಮದರ್ಶಕದಲ್ಲಿ ನೋಡುತ್ತ ರಕ್ತನಾಳ ಜೋಡಿಸುತ್ತಾರೆ. ರಕ್ತ ಹರಿಯುವ ದಾರಿ ಕಡಿಯದೆ ಚರ್ಮ ಸರಿಸುವ ಬುದ್ಧಿ ಪುಣೆಯ ಕುಂಬಾರನದೇ. ಇದೂ ಪ್ಲಾಸ್ಟಿಕ್ ಸರ್ಜರಿಯೇ. ಎರಡಕ್ಕೂ ಒಂದೇ ಹೆಸರಿರುವುದೇ ದೊಡ್ಡ ತೊಡಕು. ಹೆಸರು ಕೇಳಿದ ಕೂಡಲೇ 'ಅದು ಸಿನಿಮಾದವರಿಗೆ' ಎಂದು ನಮ್ಮವರು ಕೈಬಿಡುತ್ತಾರೆ.

ಹಾಗೆ ಕೈಬಿಟ್ಟು ಕೆಟ್ಟದ್ದನ್ನು ನಾವು ಊರೂರಲ್ಲಿ ನೋಡಿದ್ದೇವೆ. ಬಚ್ಚಲ ಹಂಡೆಯ ನೀರೋ, ಆಲೆಮನೆಯ ಕೊಪ್ಪರಿಗೆಯೋ, ಸ್ಟವ್ವೋ ಸುಟ್ಟ ಗಾಯ ಮಾಯುತ್ತದೆ. ಮಾಯ್ದ ಮೇಲೂ ಒಳಗೊಳಗೇ ತಿಂಗಳುಗಟ್ಟಲೆ ಬಿಗಿಯುತ್ತಾ ಹೋಗುತ್ತದೆ. ಗಲ್ಲ ಎದೆಗೆ ಅಂಟುತ್ತದೆ, ಮೊಣಕೈ ಮಡಚಿಕೊಂಡೇ ಉಳಿಯುತ್ತದೆ. ಮಗುವಾದರೆ ಎಲುಬು ಬೆಳೆಯುತ್ತದೆ, ಕಲೆ ಬೆಳೆಯುವುದಿಲ್ಲ, ಕೈ ವಕ್ರವಾಗುತ್ತದೆ. ಮನೆಯಲ್ಲಿ 'ಕಲೆ ತಾನೇ, ಮದುವೆ ಹೊತ್ತಿಗೆ ನೋಡೋಣ' ಅನ್ನುತ್ತಾರೆ. ಅದು ಕಲೆಯ ಪ್ರಶ್ನೆ ಅಲ್ಲವೇ ಅಲ್ಲ. ಗಾಯ ಮಾಯುವಾಗಲೇ ಪಟ್ಟಿ ಕಟ್ಟಿ ಕೈ ನೆಟ್ಟಗಿಡುವುದು, ವ್ಯಾಯಾಮ ಮಾಡಿಸುವುದು, ಆಗದಿದ್ದರೆ ಬಿಗಿದ ಕಲೆ ಬಿಡಿಸಿ ಚರ್ಮ ಹಾಕುವುದು, ಎಲ್ಲ ಚಿಕಿತ್ಸೆಯೇ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟವರಿಗೆಂದೇ ಮಹಾಬೋಧಿ ವಿಭಾಗವಿದೆ. ಸುಟ್ಟ ತಕ್ಷಣ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ, ಪೇಸ್ಟು, ಇಂಕು, ಹಿಟ್ಟು ಹಚ್ಚಬೇಡಿ. ಇದು ವಿಷಯಾಂತರವಾದರೂ ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಸೀಳುತುಟಿ, ಸೀಳಂಗಳ ಇನ್ನೊಂದು. ಜಗತ್ತಿನಲ್ಲಿ ಸುಮಾರು 700 ಕೂಸುಗಳಲ್ಲಿ ಒಂದಕ್ಕೆ ಇರುತ್ತದೆ. ಗ್ರಹಣದಲ್ಲಿ ಬಸುರಿ ಕತ್ತಿ ಮುಟ್ಟಿದ್ದಕ್ಕೆ ಅಂತ ತಾಯಿಯನ್ನು ದೂರುವುದು ಇನ್ನೂ ನಿಂತಿಲ್ಲ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಹೊಟ್ಟೆಯಲ್ಲಿ ಮೊದಲ ಮೂರು ತಿಂಗಳೊಳಗೆ ಕೂಡಬೇಕಾದ ಭಾಗ ಕೂಡಿರುವುದಿಲ್ಲ, ಅಷ್ಟೇ. ತುಟಿಗೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ, ಅಂಗಳಕ್ಕೆ ಒಂದು ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡುತ್ತಾರೆ. ತಡವಾದರೆ ಮಾತು ಮೂಗಿನಲ್ಲೇ ಉಳಿದುಬಿಡುತ್ತದೆ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ 2013ರಿಂದ ಇದನ್ನು ಗುರುತಿಸಿ ಕಳಿಸುತ್ತದೆ. ಸ್ಮೈಲ್ ಟ್ರೇನ್ ಸಂಸ್ಥೆಯ ಸಹಾಯದಿಂದ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ಆಗುತ್ತದೆ.

ಕಣ್ಣಿನ ರೆಪ್ಪೆ ಜೋತುಬಿದ್ದ ಮಗು ತಲೆ ಎತ್ತಿ ಎತ್ತಿ ನೋಡುತ್ತಿದ್ದರೆ ಅದೂ ಅಂದದ ಮಾತಲ್ಲ. ಕಣ್ಣಪಾಪೆ ಮುಚ್ಚಿದ್ದರೆ ಮೆದುಳು ಆ ಕಣ್ಣಲ್ಲಿ ನೋಡುವುದನ್ನೇ ಕಲಿಯುವುದಿಲ್ಲ, ದೊಡ್ಡದಾದ ಮೇಲೆ ರೆಪ್ಪೆ ಎತ್ತಿದರೂ ದೃಷ್ಟಿ ಬರುವುದಿಲ್ಲ. ಮೂಗಿನ ನಡುಗೋಡೆ ಸೊಟ್ಟಗಾಗಿ ಉಸಿರು ಕಟ್ಟುವುದು, ಎದೆಯ ಭಾರಕ್ಕೆ ಹೆಂಗಸರ ಕತ್ತು ಬೆನ್ನು ನೋಯುತ್ತ ಚರ್ಮ ಹುಣ್ಣಾಗುವುದು, ಸ್ತನ ಕ್ಯಾನ್ಸರಿನ ನಂತರದ ಮರುಜೋಡಣೆ, ಇವೆಲ್ಲ ಅಗತ್ಯದ ಕಡೆಗೇ ಬರುತ್ತವೆ. ಓಲೆಯ ಭಾರಕ್ಕೆ ಹರಿದ ಅಜ್ಜಿಯ ಕಿವಿ? ಅದು ಅಂದವೇ ಅನ್ನಿ. ಅಜ್ಜಿ ಒಪ್ಪಲಿಕ್ಕಿಲ್ಲ.

ಕೌಂಟರಿನಲ್ಲಿ ಮಾತು ಹೇಗೆ ಬರುತ್ತದೆ ಅನ್ನುವುದರ ಮೇಲೆ ಎಷ್ಟೋ ನಿಂತಿರುತ್ತದೆ. 'ಮುಖ ಚೆನ್ನಾಗಿ ಕಾಣಬೇಕು' ಅಂದರೆ ಒಂದು ಕಾಗದ, 'ಕುತ್ತಿಗೆ ಎತ್ತಲು ಆಗುತ್ತಿಲ್ಲ, ಬಾಯಿ ಎರಡು ಬೆರಳಿಗಿಂತ ತೆರೆಯುತ್ತಿಲ್ಲ, ಕಣ್ಣು ಮುಚ್ಚುತ್ತಿಲ್ಲ' ಅಂದರೆ ಇನ್ನೊಂದು ಕಾಗದ. ಎರಡೂ ನಿಜವಾಗಿದ್ದರೆ ಎರಡನೆಯದನ್ನು ಮೊದಲು ಹೇಳಿ, ವೈದ್ಯರು ಅದನ್ನೇ ಚೀಟಿಯಲ್ಲಿ ಬರೆಯಲಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇದೆ. ತಾಲೂಕು ಅಥವಾ ಜಿಲ್ಲಾ ಆಸ್ಪತ್ರೆಯಿಂದ ಶಿಫಾರಸು ಪತ್ರ ಮೊದಲೇ ತೆಗೆದುಕೊಂಡು ಹೊರಡಿ. ರೇಷನ್ ಕಾರ್ಡು, ಆಧಾರ್, ಗಾಯವಾದ ದಿನದ ಹಳೇ ಚೀಟಿ, ಪೊಲೀಸ್ ಕೇಸಾಗಿದ್ದರೆ ಎಫ್‌ಐಆರ್ ಪ್ರತಿ, ಎಲ್ಲ ಒಂದೇ ಚೀಲದಲ್ಲಿರಲಿ.